ಗೋಡೆಗೆ ಸಿಗದ ಕೀಟನ್ ಎಂಜಿಎಂ ಕೈಗೆ ಸಿಕ್ಕಿದ್ದು ಹೇಗೆ?

ಪ್ರಶ್ನೆ: ಮನೆಯ ಮುಂಗೋಡೆ ಇಡಿಯಾಗಿ ಮೈಮೇಲೆ ಬಿದ್ದರೂ ಕಿಟಕಿಯ ಕಂಡಿಯಲ್ಲಿ ಕೂದಲು ಕೊಂಕದೆ ನಿಂತುಬಿಡುವ, ಹಾಲಿವುಡ್ ಮೂಕಿ ಚಿತ್ರಗಳ ಹಾಸ್ಯನಟ ಬಸ್ಟರ್ ಕೀಟನ್‌ನ ತುಣುಕನ್ನು ಮೊಬೈಲಿನಲ್ಲಿ ಎಷ್ಟೋ ಸಲ ನೋಡಿದ್ದೇನೆ. ಅದು ನಿಜವೇ, ಟ್ರಿಕ್ ಶಾಟೇ? ಆತ ಎಲ್ಲವನ್ನೂ ಡ್ಯೂಪ್ ಇಲ್ಲದೆ ಮಾಡುತ್ತಿದ್ದನಂತೆ, ಹೌದೇ? ಹಾಗಿದ್ದವನು ಟಾಕಿ ಬಂದೊಡನೆ ಮುಳುಗಿದ್ದೇಕೆ, ದನಿ ಚೆನ್ನಾಗಿರಲಿಲ್ಲವೇ? ಮೂಕಿ ಚಿತ್ರ ಒಂದನ್ನೂ ಪೂರ್ತಿ ನೋಡದ ನನ್ನಂಥವರು ಎಲ್ಲಿಂದ ಶುರು ಮಾಡಬೇಕು?

ಉತ್ತರ: ಗೋಡೆ ನಿಜ. ಡ್ಯೂಪ್ ಇರಲಿಲ್ಲ ಅನ್ನುವುದು ಬಹುಪಾಲು ನಿಜ, ಪೂರ್ತಿ ಅಲ್ಲ. ದನಿಯ ಕಥೆ ಮಾತ್ರ ಸುಳ್ಳು. ಮೂರಕ್ಕೂ ಬೇರೆ ಬೇರೆ ಕಾರಣ ಹುಡುಕಬೇಕಿಲ್ಲ. ಕೀಟನ್ ಚಿತ್ರ ಕಟ್ಟುತ್ತಿದ್ದ ರೀತಿ ತಿಳಿದರೆ, ಗೋಡೆ ಅವನನ್ನು ಬಿಟ್ಟದ್ದೇಕೆ, 1928ರ ನಂತರ ಕೈ ಕಟ್ಟಿಹೋದದ್ದೇಕೆ ಎರಡೂ ಒಟ್ಟಿಗೇ ಗೊತ್ತಾಗುತ್ತವೆ.

ಮೊದಲು ಗೋಡೆಯ ಲೆಕ್ಕ. ಚಿತ್ರ 1928ರ 'ಸ್ಟೀಮ್‌ಬೋಟ್ ಬಿಲ್ ಜೂನಿಯರ್'. ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊದಲ್ಲಿ ನದಿ ದಂಡೆಗೆ ಒಂದು ಊರಿನ ಸೆಟ್ಟನ್ನೇ ಹಾಕಿದ್ದರು. ಕೆಲಸ ನಡೆದ ಕ್ರಮವನ್ನು ಕೀಟನ್ ವಯಸ್ಸಾದ ಮೇಲೆ ಸಂದರ್ಶನದಲ್ಲಿ ಬಿಡಿಸಿ ಹೇಳಿದ್ದಾನೆ. ಮೊದಲಿಗೆ ಮುಂಗೋಡೆಯ ಬರೀ ಚೌಕಟ್ಟನ್ನು ಕಟ್ಟಿ, ಅದರ ಬುಡವನ್ನು ಗಟ್ಟಿ ಕೀಲುಗಳಿಗೆ ಕೂರಿಸಿದರು. ಆ ಚೌಕಟ್ಟನ್ನು ನೆಲಕ್ಕೆ ಮಲಗಿಸಿ, ಕೀಟನ್‌ನನ್ನು ಅವನ ಜಾಗದಲ್ಲಿಟ್ಟು, ಅವನ ಸುತ್ತ ಕಿಟಕಿ ಕಟ್ಟಿದರು. ಒಂದೊಂದು ಭುಜದ ಪಕ್ಕ ಎರಡಿಂಚು, ತಲೆಗೆ ಎರಡಿಂಚು, ಹಿಮ್ಮಡಿಗೆ ಎರಡಿಂಚು ಬಿಡುವು. ಹಿಮ್ಮಡಿ ಇರಬೇಕಾದ ಕಡೆ ನೆಲಕ್ಕೆ ದಪ್ಪ ಮೊಳೆ ಹೊಡೆದರು. ಆಮೇಲೆ ಚೌಕಟ್ಟನ್ನು ಮತ್ತೆ ಎಬ್ಬಿಸಿ ನಿಲ್ಲಿಸಿ, ಹಲಗೆ ಹೊಡೆದು, ಬಣ್ಣ ಬಳಿದು, ಕಿತ್ತುಬಂದಂತೆ ಕಾಣಲು ಅಂಚುಗಳನ್ನು ಮುರುಕು ಮಾಡಿ, ಹಿಂದೆ ಕೋಣೆಗಳ ಒಳಭಾಗವನ್ನೂ ಜೋಡಿಸಿದರು.

ಇಲ್ಲಿ ಹೆಚ್ಚಿನವರು ಗಮನಿಸದ ಒಂದು ವಿಚಾರವಿದೆ. ಸಾಮಾನ್ಯ ಮಹಡಿ ಕಿಟಕಿ ನೆಲದಿಂದ 12 ಅಡಿ ಮೇಲಿದ್ದರೆ, ಈ ಮನೆಗೆ ಚೂಪು ಛಾವಣಿ ಕೊಟ್ಟು ಕಿಟಕಿಯನ್ನು ಸುಮಾರು 18 ಅಡಿಗೆ ಏರಿಸಿದ್ದರು. ಬುಡದ ಕೀಲಿನ ಮೇಲೆ ಬೀಳುವ ಗೋಡೆ ನೆಟ್ಟಗೆ ಕೆಳಗಿಳಿಯುವುದಿಲ್ಲ, ಬಿಲ್ಲಿನಂತೆ ಬಾಗಿ ಇಳಿಯುತ್ತದೆ. ಕೀಟನ್ ಐದಡಿ ಐದಿಂಚಿನ ಆಳು. 12 ಅಡಿಯಲ್ಲಿರುವ ಬಿಂದು ಅವನ ತಲೆಮಟ್ಟದಿಂದ ನೆಲ ಮುಟ್ಟುವಷ್ಟರಲ್ಲಿ ಸುಮಾರು 15 ಇಂಚು ಮುಂದಕ್ಕೆ ಸರಿಯುತ್ತದೆ. 18 ಅಡಿಯಲ್ಲಾದರೆ ಸರಿಯುವುದು ಸುಮಾರು 10 ಇಂಚು. ಅಂದರೆ ಕಿಟಕಿ ಮೇಲಿದ್ದಷ್ಟೂ ಅದು ತಲೆಯ ಹತ್ತಿರ ಹೆಚ್ಚು ನೆಟ್ಟಗೆ ಇಳಿಯುತ್ತದೆ, ಕಂಡಿಯನ್ನು ಅಷ್ಟೇ ಚಿಕ್ಕದಾಗಿ ಇಟ್ಟುಕೊಳ್ಳಬಹುದು. ಕಂಡಿ ಚಿಕ್ಕದಾದಷ್ಟೂ ನೋಡುವವನ ಎದೆ ಧಸಕ್ಕೆನ್ನುತ್ತದೆ. ಜೊತೆಗೆ ನಟ ಗೋಡೆಯಿಂದ ದೂರ ನಿಲ್ಲುವುದರಿಂದ ಅವನೂ ಇಡೀ ಮನೆಯೂ ಒಂದೇ ಚೌಕಟ್ಟಿನಲ್ಲಿ ಕಾಣುತ್ತವೆ.

ಕೆಡಬಹುದಾಗಿದ್ದದ್ದು ಗಾಳಿಯಿಂದ. ಆ ದೃಶ್ಯ ಬಿರುಗಾಳಿಯದು, ಸೆಟ್ಟಿನಲ್ಲಿ ಲಿಬರ್ಟಿ ವಿಮಾನದ ಮೋಟಾರು ಹಾಕಿದ ಆರು ಗಾಳಿಯಂತ್ರಗಳಿದ್ದವು. ಬೀಳುತ್ತಿರುವ ಗೋಡೆಯ ಮುಖಕ್ಕೆ ಆ ಗಾಳಿ ಒಂದು ಕ್ಷಣ ಬಡಿದು ಚೌಕಟ್ಟು ಸೊಟ್ಟಗಾಗಿದ್ದರೂ ಎರಡಿಂಚಿನ ಬಿಡುವು ಅಲ್ಲಿಗೆ ಮುಗಿಯಿತು. ಹಾಗಾಗಿ ಯಂತ್ರಗಳನ್ನು ಮುಂದಿನ ದೂಳೂ ಹಿಂದಿನ ಕಸವೂ ಹಾರುವಂತೆ, ಆದರೆ ಮನೆಯ ಮುಖಕ್ಕೆ ಗಾಳಿ ತಾಗದಂತೆ ತಿರುಗಿಸಿ ಇಟ್ಟಿದ್ದರು. ಒಂದೇ ಟೇಕ್. ಇನ್ನೊಂದು ಟೇಕ್ ಅನ್ನುವ ಮಾತೇ ಇರಲಿಲ್ಲ.

ಈ ಪಟ್ಟು ದಿಢೀರನೆ ಹುಟ್ಟಿದ್ದೂ ಅಲ್ಲ. 1919ರ 'ಬ್ಯಾಕ್ ಸ್ಟೇಜ್' ಅನ್ನುವ ಕಿರುಚಿತ್ರದಲ್ಲಿ ನಾಟಕದ ಹಗುರ ಪರದೆಗೋಡೆಯೊಂದು ಹಾಸ್ಯನಟ ರಾಸ್ಕೋ ಆರ್ಬಕಲ್ ಮೇಲೆ ಬೀಳುತ್ತದೆ, ಕಿಟಕಿ ಅವನನ್ನು ಉಳಿಸುತ್ತದೆ. ಮುಂದಿನ ವರ್ಷದ 'ಒನ್ ವೀಕ್'ನಲ್ಲಿ ಮನೆಯ ಗೋಡೆಯೊಂದು ಕೀಟನ್ ಮೇಲೆಯೇ ಬರುತ್ತದೆ. 1928ರದು ಅದೇ ಲೆಕ್ಕದ ದೊಡ್ಡ ಪ್ರತಿ. ಅಂತರ್ಜಾಲದಲ್ಲಿ ಇದನ್ನು 'ಹುಚ್ಚು ಧೈರ್ಯ' ಎಂದು ಹಂಚುವವರಿಗೆ ಹೇಳಬೇಕಾದದ್ದು ಇಷ್ಟೇ: ಧೈರ್ಯ ಇತ್ತು, ಹುಚ್ಚು ಇರಲಿಲ್ಲ. ಒಂಬತ್ತು ವರ್ಷ ಸಣ್ಣದರಲ್ಲಿ ಕೈಪಳಗಿಸಿಕೊಂಡು ದೊಡ್ಡದಕ್ಕೆ ಇಳಿದದ್ದು.

ಇಂಥ ಮೈಬಳಕೆ ಬಂದದ್ದು ನಾಟಕದ ಮನೆತನದಿಂದ. ಜೋಸೆಫ್ ಫ್ರಾಂಕ್ ಕೀಟನ್ ಹುಟ್ಟಿದ್ದು 4 ಅಕ್ಟೋಬರ್ 1895ರಂದು, ಕ್ಯಾನ್ಸಸ್ ರಾಜ್ಯದ ಪಿಕ್ವಾ ಎಂಬ ಸಣ್ಣ ಊರಿನಲ್ಲಿ, ಅದೂ ತಂದೆ ಜೋ ಮತ್ತು ತಾಯಿ ಮೈರಾ ಪ್ರದರ್ಶನಕ್ಕೆಂದು ಊರೂರು ಸುತ್ತುತ್ತಿದ್ದಾಗ. 'ದಿ ಥ್ರೀ ಕೀಟನ್ಸ್' ಎಂಬ ಅವರ ವಾಡೆವಿಲ್ (ಹಾಡು, ಕುಣಿತ, ನಗೆಯ ಬಿಡಿ ಆಟಗಳ ರಂಗಪ್ರದರ್ಶನ) ಆಟದಲ್ಲಿ ಮಗನನ್ನು ವೇದಿಕೆಯ ಆಚೆ ಈಚೆ ಎಸೆಯುವುದೇ ತಮಾಷೆ. ಎತ್ತಿ ಎಸೆಯಲು ಹಿಡಿತ ಸಿಗಲಿ ಎಂದು ಹುಡುಗನ ಅಂಗಿಯ ಬೆನ್ನಿಗೆ ಸೂಟ್‌ಕೇಸಿನ ಹಿಡಿಕೆ ಹೊಲಿದಿದ್ದರು. ಮಕ್ಕಳ ಮೇಲಿನ ಕ್ರೌರ್ಯ ತಡೆಯುವ ನ್ಯೂಯಾರ್ಕಿನ ಸಂಘದವರು ಈ ಆಟದ ಬೆನ್ನು ಬಿದ್ದಿದ್ದರು. ಅಲ್ಲಿ ಕಲಿತದ್ದು ಎರಡು. ಬೀಳುವಾಗ ಮೈಯನ್ನು ಸಡಿಲ ಬಿಟ್ಟು, ಕೈ ಅಥವಾ ಪಾದವನ್ನು ಮೊದಲು ಊರಿ ಪೆಟ್ಟನ್ನು ಒಡೆಯುವುದು ಒಂದು. ಬಿದ್ದೆದ್ದು ತಾನು ನಕ್ಕರೆ ಪ್ರೇಕ್ಷಕರು ನಗುವುದಿಲ್ಲ, ಮುಖ ಗಂಟಿಕ್ಕದೆ ನಗದೆ ಸುಮ್ಮನಿದ್ದರೆ ಬಿದ್ದು ಬಿದ್ದು ನಗುತ್ತಾರೆ ಅನ್ನುವುದು ಇನ್ನೊಂದು. 'ಕಲ್ಲುಮುಖ' ಎಂಬ ಅವನ ಹೆಸರುವಾಸಿ ಗುರುತು ಹೀಗೆ ಬಂದದ್ದು.

ಅಪ್ಪನ ಕುಡಿತದಿಂದ 1917ರಲ್ಲಿ ಆ ಆಟ ಮುರಿಯಿತು. ಅದೇ ವರ್ಷ ಮಾರ್ಚ್ ತಿಂಗಳಲ್ಲಿ ಕೀಟನ್ ನ್ಯೂಯಾರ್ಕಿನಲ್ಲಿ ಆರ್ಬಕಲ್‌ನ ಸ್ಟುಡಿಯೋಗೆ ಕಾಲಿಟ್ಟ, 'ದಿ ಬುಚರ್ ಬಾಯ್' ಎಂಬ ಎರಡು ರೀಲಿನ ಚಿತ್ರದಲ್ಲಿ ಕಾಣಿಸಿಕೊಂಡ. ಅವನನ್ನು ಹಿಡಿದಿಟ್ಟದ್ದು ನಟನೆಗಿಂತ ಹೆಚ್ಚಾಗಿ ಕ್ಯಾಮೆರಾ. ಅದರೊಳಗೆ ಏನೇನಿದೆ, ಲೆನ್ಸು ಹೇಗೆ, ಫಿಲ್ಮು ಹೇಗೆ ಓಡುತ್ತದೆ, ಕತ್ತರಿಸಿ ಅಂಟಿಸುವುದು ಹೇಗೆ ಎಂದು ಬಿಚ್ಚಿ ನೋಡಿದ. ರಂಗಮಂದಿರದಲ್ಲಿ ವಾರಕ್ಕೆ 250 ಡಾಲರ್ ಸಿಗುವ ಕರಾರು ಕೈಯಲ್ಲಿದ್ದರೂ ಬಿಟ್ಟು, ವಾರಕ್ಕೆ 40 ಡಾಲರಿಗೆ ಇಲ್ಲಿ ನಿಂತ. ನಡುವೆ ಸೈನ್ಯಕ್ಕೆ ಸೇರಿ ಫ್ರಾನ್ಸಿಗೂ ಹೋಗಿಬಂದ, ಒಂದಿಷ್ಟು ಕಿವಿ ಕೇಳಿಸದಂತಾದದ್ದು ಅಲ್ಲೇ.

ಆ ಚಪ್ಪಟೆ ಟೋಪಿಯ ಬಗ್ಗೆಯೂ ಜನ ಕೇಳುತ್ತಾರೆ. ಅಂಗಡಿಯದಲ್ಲ, ತಾನೇ ಮಾಡಿಕೊಳ್ಳುತ್ತಿದ್ದದ್ದು. ಸ್ಟೆಟ್ಸನ್ ಕಂಪನಿಯ ಒಳ್ಳೆಯ ಫೆಲ್ಟ್ ಟೋಪಿಯ ತಲೆಭಾಗ ಕತ್ತರಿಸಿ ತಗ್ಗಿಸುವುದು, ಟೀ ಕಪ್ಪಿನಷ್ಟು ಬೆಚ್ಚನೆ ನೀರಿಗೆ ಮೂರು ಚಮಚ ತುಂಬ ಸಕ್ಕರೆ ಕರಗಿಸಿ ಅಂಚಿನ ಮೇಲೆ ಕೆಳಗೆ ಸವರುವುದು, ಗಟ್ಟಿ ಹಲಗೆಯ ಮೇಲೆ ಸಮ ಮಾಡಿ ಒಣಗಲು ಬಿಡುವುದು. ನೀರಿಗೆ ಬಿದ್ದರೆ ಸಕ್ಕರೆ ಕರಗಿ ಟೋಪಿ ಜೋತುಬೀಳುತ್ತದೆ. ಅವನ ಚಿತ್ರಗಳಲ್ಲಿ ನೀರಿಗೆ ಬೀಳದೆ ಇರುವುದು ಅಪರೂಪ, ಹಾಗಾಗಿ ಹೊಸ ಟೋಪಿಗಳ ಖರ್ಚೂ ಜಾಸ್ತಿ.

1920ರಲ್ಲಿ ಆರ್ಬಕಲ್ ಪೂರ್ಣ ಪ್ರಮಾಣದ ಚಿತ್ರಗಳ ಕಡೆ ಹೋದಾಗ ನಿರ್ಮಾಪಕ ಜೋಸೆಫ್ ಶೆಂಕ್ ಕೀಟನ್‌ಗೆ ಸ್ವಂತ ತಂಡ ಕೊಟ್ಟ. ಹಾಲಿವುಡ್‌ನಲ್ಲಿ ಹಿಂದೆ ಚಾಪ್ಲಿನ್ ಚಿತ್ರ ಮಾಡುತ್ತಿದ್ದ ಸ್ಟುಡಿಯೋ ಜಾಗ, ವಾರಕ್ಕೆ 1,000 ಡಾಲರ್ ಸಂಬಳ, ಲಾಭದಲ್ಲಿ ನಾಲ್ಕನೇ ಒಂದು ಪಾಲು. ಒಂದು ವಿಷಯವನ್ನು ಈಗಲೇ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ: ಕಂಪನಿಯ ಹೆಸರು ಬಸ್ಟರ್ ಕೀಟನ್ ಪ್ರೊಡಕ್ಷನ್ಸ್, ಆದರೆ ಅದರಲ್ಲಿ ಕೀಟನ್‌ನ ಷೇರು ಒಂದೂ ಇರಲಿಲ್ಲ.

1920ರಿಂದ 1923ರ ವರೆಗೆ 19 ಕಿರುಚಿತ್ರಗಳು, 1923ರಿಂದ 1928ರ ವರೆಗೆ ಸ್ವಂತ ಸ್ಟುಡಿಯೋದಲ್ಲಿ ಹತ್ತು ದೊಡ್ಡ ಚಿತ್ರಗಳು. ನಿರ್ದೇಶಕರ ಹೆಸರಿನಲ್ಲಿ ಎಡ್ಡಿ ಕ್ಲೈನ್, ಕ್ಲೈಡ್ ಬ್ರಕ್‌ಮನ್, ಡೊನಾಲ್ಡ್ ಕ್ರಿಸ್ಪ್, ಚಾರ್ಲ್ಸ್ ರೈಸ್ನರ್ ಮುಂತಾದವರು ಬರುತ್ತಾರೆ. ಟೈಟಲ್ ಕಾರ್ಡಿನಲ್ಲಿ ಯಾರದೇ ಹೆಸರಿರಲಿ, ಶಾಟು ಕಟ್ಟುವ ರೀತಿ ಒಬ್ಬನದೇ. ಲಿಖಿತ ಸ್ಕ್ರಿಪ್ಟ್ ಇರಲಿಲ್ಲ. ಕೀಟನ್, ಹಾಸ್ಯ ಬರೆಯುವ ಮೂರು ನಾಲ್ಕು ಜನ, ಕ್ಯಾಮೆರಾಮನ್ ಎಲ್ಗಿನ್ ಲೆಸ್ಲಿ, ಸೆಟ್ಟು ಮತ್ತು ಯಂತ್ರಗಳನ್ನು ಕಟ್ಟುವ ಫ್ರೆಡ್ ಗಬೂರಿ, ಇಷ್ಟು ಜನ ಕೂತು ಕಥೆಯ ಆರಂಭ ಮತ್ತು ಕೊನೆಯನ್ನು ಗೊತ್ತು ಮಾಡುತ್ತಿದ್ದರು. ಕೊನೆ ಸಿಕ್ಕದೆ ಶೂಟಿಂಗ್ ಇಲ್ಲ. ನಡುವಿನದು ತಾನಾಗಿ ಬರುತ್ತದೆ ಎಂಬ ನಂಬಿಕೆ. ಶೂಟಿಂಗ್ ನಡುವೆ ದಾರಿ ಕಾಣದಿದ್ದರೆ ಎಲ್ಲರೂ ಬೇಸ್‌ಬಾಲ್ ಆಡಲು ಹೋಗುತ್ತಿದ್ದರು, ಯಾರಿಗಾದರೂ ಏನಾದರೂ ಹೊಳೆದಾಗ ಆಟ ನಿಲ್ಲಿಸಿ ಮತ್ತೆ ಕ್ಯಾಮೆರಾ. ಸೋಮಾರಿತನ ಅನಿಸಬಹುದು. ಆದರೆ ಸಂಬಳದ ಮೇಲಿರುವ ತಂಡ, ಸ್ವಂತ ಸ್ಟುಡಿಯೋ, ವರ್ಷಕ್ಕೆ ಎರಡೇ ಚಿತ್ರ ಅನ್ನುವ ಏರ್ಪಾಡಿನಲ್ಲಿ ಈ ಬಿಡುವೇ ಬಂಡವಾಳ.

ಆ ಬಿಡುವು ಏನು ಕೊಟ್ಟಿತು ನೋಡಿ. 1923ರ 'ಥ್ರೀ ಏಜಸ್' ಚಿತ್ರಕ್ಕಾಗಿ ಒಂದು ಕಟ್ಟಡದ ತಾರಸಿಯಿಂದ ಇನ್ನೊಂದಕ್ಕೆ ಹಾರಬೇಕಿತ್ತು. ಹಾರಿದ, ಎದುರಿನ ಅಂಚಿಗೆ ಬೆರಳಷ್ಟೇ ತಾಗಿ ಕೆಳಗಿನ ಬಲೆಗೆ ಬಿದ್ದ. ಬೇರೆಯವರಾದರೆ ಆ ಶಾಟನ್ನು ಬಿಸಾಡಿ ಮತ್ತೆ ಹಾರಿಸುತ್ತಿದ್ದರು. ಇವರು ತಪ್ಪಿದ ಜಿಗಿತವನ್ನೇ ಇಟ್ಟುಕೊಂಡು ಕೆಳಗೆ ಅಂಗಡಿಯ ಬಟ್ಟೆ ಚಪ್ಪರಗಳನ್ನು ಕಟ್ಟಿದರು. ಚಪ್ಪರ ಹರಿದುಕೊಂಡು ಬಿದ್ದವನು ನೀರಿನ ಪೈಪು ಹಿಡಿಯುತ್ತಾನೆ, ಪೈಪು ಕಿತ್ತು ಬಾಗಿ ಅವನನ್ನು ಕಿಟಕಿಯೊಳಗೆ ಎಸೆಯುತ್ತದೆ, ಅದು ಅಗ್ನಿಶಾಮಕ ಠಾಣೆ, ಜಾರುಕಂಬದಲ್ಲಿ ಇಳಿದು ಬಂಡಿ ಹತ್ತಿ ಹೊರಡುತ್ತಾನೆ. ಒಂದು ಸೋಲಿನಿಂದ ಐದು ನಗೆ. ಅದೇ ರೀತಿ 1925ರ 'ಸೆವೆನ್ ಚಾನ್ಸಸ್' ಪ್ರಿವ್ಯೂ ತೋರಿಸಿದಾಗ ಕೊನೆಯ ಓಟ ಸಪ್ಪೆಯಾಗಿತ್ತು. ಇಳಿಜಾರಿನಲ್ಲಿ ಅವನ ಕಾಲಿಗೆ ತಾಗಿದ ಮೂರು ಕಲ್ಲು ಆಕಸ್ಮಿಕವಾಗಿ ಹಿಂದೆ ಉರುಳಿಬಂದ ಕಡೆ ಮಾತ್ರ ಜನ ನಕ್ಕರು. ಹಿಂದಿರುಗಿ ಹೋಗಿ, ಕೀಟನ್ ಹೇಳುವಂತೆ, ಚಿಕ್ಕದರಿಂದ ಎಂಟಡಿಯ ವರೆಗಿನ 1,500 ಕಾಗದದ ತಿರುಳಿನ ಬಂಡೆಗಳನ್ನು ಮಾಡಿಸಿ ಇಡೀ ಗುಡ್ಡವನ್ನೇ ಅವನ ಹಿಂದೆ ಬಿಟ್ಟರು. ಇಂದು ಆ ಚಿತ್ರವನ್ನು ಜನ ನೆನೆಯುವುದು ಆ ಬಂಡೆಗಳಿಗಾಗಿ.

ಈಗ ಡ್ಯೂಪ್ ಮತ್ತು ಟ್ರಿಕ್ಕಿನ ವಿಷಯ. 1927ರ 'ಕಾಲೇಜ್' ಚಿತ್ರದಲ್ಲಿ ಕೋಲು ಊರಿ ಮಹಡಿ ಕಿಟಕಿಗೆ ಹಾರುವವನು ಕೀಟನ್ ಅಲ್ಲ, 1924ರ ಒಲಿಂಪಿಕ್ಸ್ ಪೋಲ್ ವಾಲ್ಟ್ ಚಿನ್ನದ ಪದಕ ಗೆದ್ದ ಲೀ ಬಾರ್ನ್ಸ್. ಕೀಟನ್ ಇದನ್ನು ಮುಚ್ಚಿಡಲಿಲ್ಲ. 'ಅವರ್ ಹಾಸ್ಪಿಟಾಲಿಟಿ'ಯ (1923) ಜಲಪಾತ ಸ್ಟುಡಿಯೋದಲ್ಲಿ ಕಟ್ಟಿದ್ದು, ಕೆಳಗಿನ ಕಣಿವೆ ಚಿಕಣಿ ಮಾದರಿ, ಅವನು ತೂಗಾಡುತ್ತ ಹಿಡಿಯುವ ಹುಡುಗಿ ಗೊಂಬೆ. ಆದರೆ ಅದೇ ಚಿತ್ರದ ನದಿಯ ದೃಶ್ಯ ಕ್ಯಾಲಿಫೋರ್ನಿಯಾದ ಟ್ರಕೀ ನದಿಯದು, ಅವನನ್ನು ಹಿಡಿದಿದ್ದ ಹಗ್ಗ ತುಂಡಾಗಿ ನಿಜವಾಗಿಯೇ ಕೊಚ್ಚಿಹೋದ. ಆ ತುಣುಕು ಚಿತ್ರದಲ್ಲೇ ಇದೆ.

ಅವನದೊಂದು ಅಲಿಖಿತ ನಿಯಮ ಇತ್ತು ಅನ್ನಬಹುದು. ಮೈಗೆ ಸಂಬಂಧಪಟ್ಟದ್ದನ್ನು ಕತ್ತರಿಸದೆ ದೂರದ ಶಾಟಿನಲ್ಲಿ ಪೂರ್ತಿ ತೋರಿಸುವುದು, ಕನಸಿಗೂ ಸಿನಿಮಾದ ಮಾಯೆಗೂ ಸಂಬಂಧಪಟ್ಟದ್ದಕ್ಕೆ ಮಾತ್ರ ಕ್ಯಾಮೆರಾ ಟ್ರಿಕ್ಕು. 1921ರ 'ದಿ ಪ್ಲೇಹೌಸ್'ನಲ್ಲಿ ವೇದಿಕೆ ಮೇಲೆ ಒಂಬತ್ತು ಕೀಟನ್‌ಗಳು ಸಾಲಾಗಿ ಕೂರುತ್ತಾರೆ. 'ದಿ ಎಲೆಕ್ಟ್ರಿಕ್ ಹೌಸ್' ಶೂಟಿಂಗ್‌ನಲ್ಲಿ ಚಲಿಸುವ ಮೆಟ್ಟಿಲಿಗೆ ಸಿಕ್ಕು ಕಾಲು ಮುರಿದಿತ್ತು, ಹಾರಾಟ ಸಾಧ್ಯವಿರಲಿಲ್ಲ, ಅದಕ್ಕೇ ಈ ಟ್ರಿಕ್ಕಿನ ಚಿತ್ರ. ಲೆಸ್ಲಿಯ ಲೆನ್ಸಿನ ಮುಂದೆ ಬೆಳಕು ನುಸುಳದ ಪೆಟ್ಟಿಗೆ, ಅದರಲ್ಲಿ ಒಂಬತ್ತು ಸಣ್ಣ ಮುಚ್ಚಳ. ಒಂದನ್ನು ತೆರೆದು ಒಬ್ಬ ಕೀಟನ್‌ನನ್ನು ಹಿಡಿಯುವುದು, ಮುಚ್ಚಿ, ಫಿಲ್ಮನ್ನು ಕ್ಯಾಮೆರಾದೊಳಗೇ ಹಿಂದಕ್ಕೆ ಸುತ್ತಿ, ಮುಂದಿನದನ್ನು ತೆರೆಯುವುದು. ಹೀಗೆ ಒಂಬತ್ತು ಸಲ. ಆಗ ಮೋಟಾರಿಲ್ಲ, ಕೈಯಲ್ಲಿ ಹಿಡಿಕೆ ತಿರುಗಿಸಬೇಕು. ಒಂದು ಸುತ್ತಿಗೆ ಫಿಲ್ಮಿನ ಎಂಟು ಚೌಕಟ್ಟು (ಫ್ರೇಮ್), ಸೆಕೆಂಡಿಗೆ ಎರಡು ಸುತ್ತಾದರೆ ಹದಿನಾರು. ಒಂಬತ್ತು ಸಲವೂ ಕೈವೇಗ ಒಂದೇ ಇರಬೇಕು, ಕುಣಿತವೂ ಅದೇ ತಾಳಕ್ಕೆ ಬೀಳಬೇಕು. ಅದಕ್ಕೆ ಮೆಟ್ರೊನೋಮ್ ಎಂಬ ತಾಳಯಂತ್ರ ಇಟ್ಟಿದ್ದರು. ಎಂಟನೆಯ ಸಲ ತಪ್ಪಿದರೆ ಹಿಂದಿನ ಏಳೂ ಹಾಳು, ಯಾಕೆಂದರೆ ಎಲ್ಲವೂ ಒಂದೇ ನೆಗೆಟಿವ್ ಮೇಲೆ.

'ಷರ್ಲಾಕ್ ಜೂನಿಯರ್' (1924) ಇನ್ನೂ ನಾಜೂಕು. ಪ್ರೊಜೆಕ್ಟರ್ ನಡೆಸುವ ಹುಡುಗ ಕನಸಿನಲ್ಲಿ ಪರದೆಯೊಳಗೆ ನಡೆದುಹೋಗುತ್ತಾನೆ. ಒಳಗಿನ ದೃಶ್ಯ ತೋಟದಿಂದ ರಸ್ತೆಗೆ, ರಸ್ತೆಯಿಂದ ಬೆಟ್ಟದಂಚಿಗೆ, ಸಿಂಹಗಳ ನಡುವೆ, ಸಮುದ್ರದ ಬಂಡೆಗೆ ಬದಲಾಗುತ್ತಲೇ ಇರುತ್ತದೆ, ಅವನು ಮಾತ್ರ ಅಲ್ಲೇ ಇರುತ್ತಾನೆ. ಆರಂಭದಲ್ಲಿ ಪರದೆಯಂತೆ ಕಾಣುವುದು ನಿಜವಾಗಿ ಬೆಳಕು ಹಾಕಿದ ವೇದಿಕೆ. ಆಮೇಲಿನ ಪ್ರತಿ ಬದಲಾವಣೆಗೂ ಸರ್ವೇ ಮಾಡುವವರ ಉಪಕರಣ ತಂದು ಕ್ಯಾಮೆರಾಗೂ ಅವನಿಗೂ ನಡುವಿನ ದೂರ, ಎತ್ತರ ಅಳೆದು, ಹೊಸ ಜಾಗದಲ್ಲಿ ಅದೇ ಅಳತೆಗೆ ನಿಲ್ಲಿಸಿದರು. ಅಳತೆ ಸ್ವಲ್ಪ ತಪ್ಪಿದ್ದರೂ ಆಳು ಪರದೆಯ ಮೇಲೆ ಕುಪ್ಪಳಿಸಿದಂತೆ ಕಾಣುತ್ತಿತ್ತು. ಅದೇ ಚಿತ್ರದಲ್ಲಿ ಮುದುಕಿ ವೇಷದವನು ಹಿಡಿದ ಸೂಟ್‌ಕೇಸಿನೊಳಕ್ಕೆ ಹಾರಿ ಮಾಯವಾಗುವುದು ಕ್ಯಾಮೆರಾ ಟ್ರಿಕ್ಕಲ್ಲ, ಹಳೆಯ ರಂಗಭೂಮಿಯ ಚಮತ್ಕಾರ. ಹಿಂದಿನ ಗೋಡೆಯಲ್ಲಿ ಗುಟ್ಟಿನ ಕಿಂಡಿ, ವೇಷಧಾರಿಯ ಮೈ ಗೋಡೆಯಾಚೆ ಅಡ್ಡಲಾಗಿ ಮಲಗಿರುತ್ತದೆ, ಈಚೆ ಕಾಣುವ ಲಂಗದೊಳಗೆ ಕಾಲೇ ಇಲ್ಲ. ರೈಲಿನ ನೀರಿನ ತೊಟ್ಟಿಯ ಕೊಳವೆ ಹಿಡಿದು ಇಳಿಯುವ ದೃಶ್ಯ ಮಾತ್ರ ದುಬಾರಿಯಾಯಿತು. ನೀರಿನ ರಭಸ ಎಣಿಸಿದ್ದಕ್ಕಿಂತ ಹೆಚ್ಚಿತ್ತು, ಕತ್ತು ಹಳಿಗೆ ಬಡಿಯಿತು. ಕೆಲವು ದಿನ ತಲೆನೋವು ಎಂದು ಸುಮ್ಮನಾದ. ಕತ್ತಿನ ಮೂಳೆ ಮುರಿದು ಕೂಡಿಕೊಂಡಿತ್ತು ಎಂದು ವರ್ಷಗಳ ನಂತರ ಎಕ್ಸ್‌ರೇಯಲ್ಲಿ ಗೊತ್ತಾಯಿತು.

ಇನ್ನು 'ದಿ ಜನರಲ್'. 1862ರ ಅಮೆರಿಕದ ಅಂತರ್ಯುದ್ಧದಲ್ಲಿ ಉತ್ತರದ ಸೈನಿಕರು ದಕ್ಷಿಣದ ರೈಲು ಇಂಜಿನ್ ಕದ್ದ ನಿಜ ಘಟನೆ ಇದರ ಮೂಲ. 1926ರ ಬೇಸಗೆಯಲ್ಲಿ ಆರೆಗನ್ ರಾಜ್ಯದ ಕಾಟೇಜ್ ಗ್ರೋವ್ ಸುತ್ತ ಶೂಟಿಂಗ್. ಮರದ ದಿಮ್ಮಿ ಸಾಗಿಸುವ ಹಳೆಯ ಹಳಿಗಳು ಅಲ್ಲಿದ್ದವು. ಸೈನಿಕರಾಗಿ ನಿಂತವರು ಅಲ್ಲಿನ ನ್ಯಾಷನಲ್ ಗಾರ್ಡ್‌ನವರು. ನೀಲಿ ಸಮವಸ್ತ್ರ ಹಾಕಿ ಒಂದು ದಿಕ್ಕಿಗೆ ಓಡಿಸುವುದು, ಬೂದು ಬಣ್ಣದ್ದು ಹಾಕಿಸಿ ಅವರನ್ನೇ ಎದುರು ದಿಕ್ಕಿಗೆ ಓಡಿಸುವುದು. ಇಂಜಿನ್ನುಗಳ ಕಿಡಿಯಿಂದ ಕಾಡಿಗೆ ಬೆಂಕಿ ಬಿದ್ದು, ಶೂಟಿಂಗ್ ನಿಲ್ಲಿಸಿ ಎಲ್ಲರೂ ಬೆಂಕಿ ಆರಿಸಬೇಕಾಯಿತು.

ನೋಡಲು ಸುಲಭ ಅನಿಸುವ ಎರಡು ಶಾಟುಗಳೇ ಇಲ್ಲಿ ಅತಿ ಅಪಾಯದವು. ಬೇಸರದಲ್ಲಿ ಇಂಜಿನ್ನಿನ ಚಕ್ರಗಳನ್ನು ಜೋಡಿಸುವ ಕಬ್ಬಿಣದ ದಂಡದ ಮೇಲೆ ಕೂರುತ್ತಾನೆ, ಇಂಜಿನ್ ಹೊರಟು ಅವನನ್ನು ಮೇಲೆ ಕೆಳಗೆ ತೂಗುತ್ತದೆ. ಉಗಿ ಇಂಜಿನ್ ಹೊರಡುವಾಗ ಚಾಲಕ ಉಗಿಯನ್ನು ಸ್ವಲ್ಪ ಜೋರಾಗಿ ಬಿಟ್ಟರೂ ಹಳಿಯ ಮೇಲೆ ಚಕ್ರ ಹಿಡಿತ ತಪ್ಪಿ ನಿಂತಲ್ಲೇ ಗರಗರ ತಿರುಗುವುದುಂಟು. ಹಾಗಾಗಿದ್ದರೆ ದಂಡದ ಮೇಲಿದ್ದವನನ್ನು ಎಸೆದುಬಿಡುತ್ತಿತ್ತು. ಇನ್ನೊಂದು, ಓಡುವ ಇಂಜಿನ್ನಿನ ಮುಂಬದಿಯ ಜಾಲರಿ ಮೇಲೆ ಕೂತು, ಕೈಯಲ್ಲಿದ್ದ ಒಂದು ಸ್ಲೀಪರನ್ನು (ಹಳಿಯಡಿ ಹಾಕುವ ಮರದ ತೊಲೆ) ಎಸೆದು ಹಳಿಗೆ ಅಡ್ಡಬಿದ್ದ ಮತ್ತೊಂದು ಸ್ಲೀಪರನ್ನು ಎಗರಿಸುವುದು. ಎಸೆದದ್ದು ಸರಿಯಾಗಿ ತುದಿಗೆ ಬೀಳಬೇಕು, ಇಲ್ಲದಿದ್ದರೆ ಇಂಜಿನ್ ಹಳಿ ತಪ್ಪುತ್ತದೆ, ಜಾಲರಿ ಮೇಲಿದ್ದವನ ಗತಿ ಹೇಳಬೇಕಿಲ್ಲ.

ಜುಲೈ 23ರಂದು ರೋ ನದಿಯ ಮೇಲೆ ಕಟ್ಟಿದ ಮರದ ಸೇತುವೆಗೆ ಬೆಂಕಿ ಹಚ್ಚಿ ನಿಜವಾದ ಇಂಜಿನ್ನನ್ನೇ ಓಡಿಸಿ ನದಿಗೆ ಬೀಳಿಸಿದರು. ಆ ಒಂದು ಶಾಟಿಗೆ 42,000 ಡಾಲರ್ ಎಂಬುದು ಪ್ರಸಿದ್ಧ ಲೆಕ್ಕ, ಮೂಕಿ ಯುಗದ ಅತಿ ದುಬಾರಿ ಶಾಟು ಅದೇ ಎನ್ನುತ್ತಾರೆ. ಇಂಜಿನ್ನಿನ ಅವಶೇಷ ಎರಡನೇ ಮಹಾಯುದ್ಧದ ಕಾಲಕ್ಕೆ ಗುಜರಿಗೆ ಹೋಗುವ ತನಕ ನದಿಯಲ್ಲೇ ಬಿದ್ದಿತ್ತು. ಚಿತ್ರದ ಒಟ್ಟು ಖರ್ಚು ಸುಮಾರು ಏಳೂವರೆ ಲಕ್ಷ ಡಾಲರ್, ಅಮೆರಿಕದಲ್ಲಿ ಬಂದ ಗಳಿಕೆ ಐದು ಲಕ್ಷವನ್ನೂ ಮುಟ್ಟಲಿಲ್ಲ. ವಿಮರ್ಶಕರೂ ಕೈಬಿಟ್ಟರು. ಇಂದು ಶ್ರೇಷ್ಠ ಚಿತ್ರಗಳ ಪಟ್ಟಿಯಲ್ಲಿ ಕೂರುವ ಚಿತ್ರ, ತನ್ನ ಕಾಲದಲ್ಲಿ ನಿರ್ಮಾಪಕನಿಗೆ ಕಂಡದ್ದು ಬರೀ ನಷ್ಟವಾಗಿ.

ನಿಮ್ಮ ಮೂರನೆಯ ಪ್ರಶ್ನೆಗೆ ಉತ್ತರ ಇಲ್ಲಿಂದಲೇ ಹೊರಡುತ್ತದೆ. ಚಾಪ್ಲಿನ್‌ಗೆ ಸ್ವಂತ ಸ್ಟುಡಿಯೋ ಇತ್ತು, ಇನ್ನೊಬ್ಬ ಮೂಕಿ ಹಾಸ್ಯನಟ ಹೆರಾಲ್ಡ್ ಲಾಯ್ಡ್ ತನ್ನ ಚಿತ್ರಗಳಿಗೆ ತಾನೇ ಮಾಲೀಕ. ಕೀಟನ್‌ಗೆ ಎರಡೂ ಇರಲಿಲ್ಲ. 1928ರಲ್ಲಿ ಶೆಂಕ್ ಆ ಸ್ಟುಡಿಯೋ ಮುಚ್ಚಿ, ಹಾಲಿವುಡ್‌ನ ದೊಡ್ಡ ಚಿತ್ರಸಂಸ್ಥೆ ಎಂಜಿಎಂ ಸೇರು ಎಂದ. ಎಂಜಿಎಂನ ಮಾತೃಸಂಸ್ಥೆ ನಡೆಸುತ್ತಿದ್ದವನು ಶೆಂಕ್‌ನ ತಮ್ಮ ನಿಕೊಲಸ್. ಬೇಡ, ಅವರು ನಿನ್ನನ್ನು ಉಸಿರಾಡಲು ಬಿಡುವುದಿಲ್ಲ ಎಂಬರ್ಥದಲ್ಲಿ ಚಾಪ್ಲಿನ್ ಮತ್ತು ಲಾಯ್ಡ್ ಇಬ್ಬರೂ ಹೇಳಿದರು. ವಾರಕ್ಕೆ 3,000 ಡಾಲರ್ ಕರಾರಿಗೆ ಕೀಟನ್ ಸಹಿ ಹಾಕಿದ. ಮುಂದೆ ತನ್ನ ಬದುಕಿನ ಅತಿ ದೊಡ್ಡ ತಪ್ಪು ಎಂದು ಅವನೇ ಕರೆದದ್ದು ಈ ಸಹಿಯನ್ನು.

ಎಂಜಿಎಂ ಕೆಟ್ಟ ಜನರ ಕೂಟ ಅಂತಲ್ಲ. ಅದು ನಿಗದಿತ ದಿನಕ್ಕೆ ಚಿತ್ರ ಹೊರತರುವ ಕಾರ್ಖಾನೆ. ಮೊದಲು ಸ್ಕ್ರಿಪ್ಟ್, ಅದಕ್ಕೆ ಹಲವರ ಒಪ್ಪಿಗೆ, ಪುಟಕ್ಕೆ ತಕ್ಕ ಬಜೆಟ್, ದಿನಕ್ಕೆ ತಕ್ಕ ವೇಳಾಪಟ್ಟಿ. ಬೇಸ್‌ಬಾಲ್ ಆಡುತ್ತ ಹೊಳಹಿಗೆ ಕಾಯುವ ತಂಡಕ್ಕೆ ಅಲ್ಲಿ ಜಾಗವೆಲ್ಲಿ? ಮೊದಲ ಚಿತ್ರ 'ದಿ ಕ್ಯಾಮೆರಾಮನ್'ನಲ್ಲಿ (1928) ಹಳೆಯ ಜೊತೆಗಾರರಲ್ಲಿ ಕೆಲವರಾದರೂ ಇದ್ದರು, ನಿರ್ದೇಶಕ ಎಡ್ವರ್ಡ್ ಸೆಜ್‌ವಿಕ್ ಕೊಂಚ ಕಾದಾಡಿದ ಮೇಲೆ ದಾರಿ ಬಿಟ್ಟ. ಅದಕ್ಕೇ ಅದು ಅವನ ಕೊನೆಯ ಶ್ರೇಷ್ಠ ಚಿತ್ರ. ಖಾಲಿ ಬೇಸ್‌ಬಾಲ್ ಮೈದಾನದಲ್ಲಿ ಒಬ್ಬನೇ ಎಲ್ಲರ ಆಟ ಆಡುವ ದೃಶ್ಯ, ಇಕ್ಕಟ್ಟಾದ ಬಟ್ಟೆ ಬದಲಿಸುವ ಕೋಣೆಯಲ್ಲಿ ಇಬ್ಬರು ಒಬ್ಬರ ಅಂಗಿಯಲ್ಲಿ ಒಬ್ಬರು ಸಿಕ್ಕಿಕೊಳ್ಳುವ ದೃಶ್ಯ, ಎರಡರಲ್ಲೂ ಹಳೆಯ ಕೈವಾಡ ಕಾಣುತ್ತದೆ. ಆಮೇಲೆ ತಂಡವನ್ನು ಸ್ಟುಡಿಯೋದ ಬೇರೆ ಬೇರೆ ಚಿತ್ರಗಳಿಗೆ ಹಂಚಿಬಿಟ್ಟರು.

ದನಿಯ ಮಾತಿಗೆ ಬಂದರೆ, ಕೀಟನ್‌ನದು ಗಡಸಾದ, ತಗ್ಗಿನ ದನಿ. ಆ ಮುಖಕ್ಕೆ ಸರಿಯಾಗಿಯೇ ಹೊಂದುತ್ತದೆ. ಹಾಡು ಮಾತು ಎರಡೂ ವಾಡೆವಿಲ್‌ನಲ್ಲಿ ರೂಢಿಯಾಗಿದ್ದವು. 1929ರ 'ಸ್ಪೈಟ್ ಮ್ಯಾರೇಜ್' ಚಿತ್ರವನ್ನು ಟಾಕಿಯಾಗಿಯೇ ಮಾಡೋಣ ಎಂದು ಕೇಳಿದವನು ಅವನೇ, ಬೇಡವೆಂದದ್ದು ಸ್ಟುಡಿಯೋ. 1930ರಿಂದ ಬಂದ ಅವನ ಟಾಕಿಗಳು ಎಂಜಿಎಂಗೆ ಲಾಭವನ್ನೂ ತಂದವು, ಎಷ್ಟೋ ಮೂಕಿ ಚಿತ್ರಗಳಿಗಿಂತ ಹೆಚ್ಚೇ. ಗಲ್ಲಾಪೆಟ್ಟಿಗೆ ತುಂಬುತ್ತಿದ್ದರಿಂದಲೇ ಅವನ ದೂರನ್ನು ಕೇಳುವವರಿರಲಿಲ್ಲ. ಆ ಚಿತ್ರಗಳಲ್ಲಿ ಕೀಟನ್ ಬರೀ ಪೆದ್ದ. ಮೂಕಿಯಲ್ಲಿದ್ದವನು ಪೆದ್ದನಂತೆ ಕಂಡರೂ ಕೊನೆಗೆ ಹಡಗನ್ನೋ ಇಂಜಿನ್ನನ್ನೋ ಪಳಗಿಸುವ ಜಾಣ. ಪಕ್ಕದಲ್ಲಿ ಒಂದೇ ಸಮನೆ ಮಾತಾಡುವ ಜಿಮ್ಮಿ ಡುರಾಂಟೆಯನ್ನು ಜೋಡಿ ಮಾಡಿದ್ದು ಗಾಯದ ಮೇಲೆ ಉಪ್ಪು. ಕುಡಿತ ಹೆಚ್ಚಿತು, 1932ರಲ್ಲಿ ನಟಾಲಿ ಟಾಲ್ಮಡ್ಜ್ ಜೊತೆಗಿನ ಮದುವೆ ಮುರಿಯಿತು, 1933ರ ಫೆಬ್ರವರಿಯಲ್ಲಿ ಕೆಲಸವೂ ಹೋಯಿತು. ಕುಡಿತದಿಂದ ಕೆಟ್ಟ ಎಂದು ಬರೆಯುವವರು ಈ ಅನುಕ್ರಮವನ್ನು ಗಮನಿಸಬೇಕು. ತಂಡ ಹೋದದ್ದು ಮೊದಲು, ಹೊತ್ತಿಲ್ಲದ ಹೊತ್ತಿನ ಕುಡಿತ ಆಮೇಲೆ.

ನಂತರದ್ದನ್ನು ಚುಟುಕಾಗಿ ಹೇಳುತ್ತೇನೆ. 1934ರಿಂದ 1941ರ ವರೆಗೆ ಎಜುಕೇಷನಲ್, ಕೊಲಂಬಿಯಾ ಸಂಸ್ಥೆಗಳಿಗೆ ಅಗ್ಗದ ಕಿರುಚಿತ್ರಗಳು. ಅದೇ ಎಂಜಿಎಂನಲ್ಲಿ ವಾರಕ್ಕೆ 100 ಡಾಲರಿಗೆ ಬೇರೆಯವರ ಚಿತ್ರಗಳಿಗೆ ಹಾಸ್ಯ ಹೊಂದಿಸುವ ಕೆಲಸ. 1940ರಲ್ಲಿ ಎಲಿನಾರ್ ನಾರಿಸ್ ಜೊತೆ ಮದುವೆ, ಅದು ಕೊನೆತನಕ ಉಳಿಯಿತು. 1947ರಲ್ಲಿ ಪ್ಯಾರಿಸ್‌ನ ಮೆದ್ರಾನೊ ಸರ್ಕಸ್ಸಿನಲ್ಲಿ ಪ್ರದರ್ಶನ. 1949ರಲ್ಲಿ ವಿಮರ್ಶಕ ಜೇಮ್ಸ್ ಏಜಿ 'ಲೈಫ್' ಪತ್ರಿಕೆಯಲ್ಲಿ ಮೂಕಿ ಹಾಸ್ಯದ ಬಗ್ಗೆ ಬರೆದ ಲೇಖನದಿಂದ ಜನ ಮತ್ತೆ ಹುಡುಕತೊಡಗಿದರು. ಬೆವರ್ಲಿ ಹಿಲ್ಸ್‌ನ ಅವನ ಹಳೆಯ ಬಂಗಲೆ ಆಗ ನಟ ಜೇಮ್ಸ್ ಮೇಸನ್ ಕೈಯಲ್ಲಿತ್ತು, ಕಳೆದುಹೋದವೆಂದುಕೊಂಡಿದ್ದ ಪ್ರಿಂಟುಗಳು ಅಲ್ಲಿ ಸಿಕ್ಕವು. ರೇಮಂಡ್ ರೋಹಾವರ್ ಎಂಬ ವಿತರಕ ಹಳೆಯ ಫಿಲ್ಮುಗಳನ್ನು ಸುರಕ್ಷಿತ ಫಿಲ್ಮಿಗೆ ನಕಲು ಮಾಡಿಸಿ ಮತ್ತೆ ಚಿತ್ರಮಂದಿರಕ್ಕೆ ತಂದ. ಆ ಕಾಲದ ನೈಟ್ರೇಟ್ ಫಿಲ್ಮು ತಾನಾಗಿಯೇ ಕೊಳೆತು ಅಂಟಾಗಿ ಪುಡಿಯಾಗುತ್ತದೆ, ಬೆಂಕಿ ತಗುಲಿದರೆ ನೀರಿಗೂ ಆರುವುದಿಲ್ಲ. ಇನ್ನು ಕೆಲ ವರ್ಷ ತಡವಾಗಿದ್ದರೆ ನಾವು ನೋಡಲು ಹೆಚ್ಚೇನೂ ಉಳಿಯುತ್ತಿರಲಿಲ್ಲ. 1960ರಲ್ಲಿ ಗೌರವ ಆಸ್ಕರ್ ಬಂತು. 1 ಫೆಬ್ರವರಿ 1966ರಂದು ಶ್ವಾಸಕೋಶದ ಕ್ಯಾನ್ಸರಿನಿಂದ ತೀರಿಕೊಂಡ.

ನೋಡುವುದಕ್ಕೆ ಮೊದಲು ಪ್ರತಿಯನ್ನು ಪರೀಕ್ಷಿಸಿ. ಮೂಕಿ ಚಿತ್ರದ ಚೌಕಟ್ಟು ಬಹುಮಟ್ಟಿಗೆ ಚೌಕ, 4ಕ್ಕೆ 3. ಇಂದಿನ ಟೀವಿ ತುಂಬುವಂತೆ ಹಿಗ್ಗಿಸಿದ ಅಥವಾ ಮೇಲೆ ಕೆಳಗೆ ಕತ್ತರಿಸಿದ ಪ್ರತಿ ಬೇಡವೇ ಬೇಡ. ಕೀಟನ್‌ನ ಆಟ ಟೋಪಿಯಿಂದ ಬೂಟಿನ ತನಕ, ಪಾದ ಕಾಣದಿದ್ದರೆ ನಗೆಯೂ ಇಲ್ಲ. ವೇಗವನ್ನೂ ಗಮನಿಸಿ. 35 ಎಂಎಂ ಫಿಲ್ಮಿನಲ್ಲಿ ಅಡಿಗೆ 16 ಚೌಕಟ್ಟು, 1,000 ಅಡಿಯ ರೀಲು ಸೆಕೆಂಡಿಗೆ 16ರಂತೆ ಓಡಿದರೆ ಸುಮಾರು 17 ನಿಮಿಷ, 24ರಂತೆ ಓಡಿದರೆ 11 ನಿಮಿಷ. ಒಂದೇ ಚಿತ್ರ ಒಂದು ಕಡೆ 18 ನಿಮಿಷ, ಇನ್ನೊಂದು ಕಡೆ 25 ನಿಮಿಷ ಇರುವುದು ಇದರಿಂದ, ಏನೋ ಕತ್ತರಿಸಿದ್ದಾರೆ ಎಂದುಕೊಳ್ಳಬೇಕಿಲ್ಲ. ಆರಾಮವಾಗಿ ನಿಂತು ಮಾತಾಡುವ ದೃಶ್ಯದಲ್ಲೂ ಜನ ಪಟಪಟನೆ ಅಲ್ಲಾಡುತ್ತಿದ್ದರೆ ಪ್ರತಿಯ ವೇಗ ತಪ್ಪಿದೆ. ಬೆನ್ನಟ್ಟುವ ದೃಶ್ಯದಲ್ಲಿ ಮಾತ್ರ ವೇಗ ಇದ್ದರೆ ಅದು ಕ್ಯಾಮೆರಾ ನಿಧಾನ ತಿರುಗಿಸಿ ಬೇಕೆಂದೇ ಮಾಡಿದ್ದು. ಇಟಲಿಯ ಸಿನೆಟೆಕಾ ದಿ ಬೊಲೊನ್ಯಾ ಸರಿಪಡಿಸಿದ ಪ್ರತಿಗಳು ಸಿಕ್ಕರೆ ಅವನ್ನೇ ಹಿಡಿಯಿರಿ. ಸಂಗೀತ ಕಿವಿಗೆ ಚುಚ್ಚಿದರೆ ದನಿ ಮುಚ್ಚಿ ನೋಡಿ, ಏನೂ ತಪ್ಪುವುದಿಲ್ಲ.

ಶುರು ಮಾಡಲು 'ದಿ ಜನರಲ್' ಬೇಡ, ಅದು ನಿಧಾನವಾಗಿ ಕಟ್ಟಿಕೊಳ್ಳುವ ಚಿತ್ರ. ಮೊದಲು 'ಒನ್ ವೀಕ್': ಹೊಸ ಜೋಡಿ ಪೆಟ್ಟಿಗೆಯಲ್ಲಿ ಬಂದ ಮನೆಯನ್ನು ತಪ್ಪು ಸಂಖ್ಯೆ ನೋಡಿ ಜೋಡಿಸುತ್ತದೆ. ಗಾಳಿಗೆ ಮನೆ ಗಿರಗಿರ ತಿರುಗುವುದು ನಿಜವಾದ ತಿರುಗುವ ವೇದಿಕೆಯ ಮೇಲೆ, ಕೊನೆಯಲ್ಲಿ ರೈಲು ಹೊಡೆಯುವುದೂ ನಿಜವಾದ ಮನೆಗೆ. ಆಮೇಲೆ 1922ರ 'ಕಾಪ್ಸ್', ಅನಂತರ 45 ನಿಮಿಷದ 'ಷರ್ಲಾಕ್ ಜೂನಿಯರ್'. ಹಿಡಿಸಿದರೆ 'ಅವರ್ ಹಾಸ್ಪಿಟಾಲಿಟಿ', 'ಸ್ಟೀಮ್‌ಬೋಟ್ ಬಿಲ್ ಜೂನಿಯರ್', 'ದಿ ಜನರಲ್', ಕೊನೆಗೆ 'ದಿ ಕ್ಯಾಮೆರಾಮನ್'. ಮಕ್ಕಳೊಂದಿಗೆ ನೋಡುವವರಿಗೆ ಒಂದು ಮಾತು: 'ಸೆವೆನ್ ಚಾನ್ಸಸ್', 'ಕಾಲೇಜ್' ಎರಡರಲ್ಲೂ ಬಿಳಿಯರು ಮುಖಕ್ಕೆ ಕಪ್ಪು ಬಳಿದುಕೊಂಡು ಕರಿಯರನ್ನು ಗೇಲಿ ಮಾಡುವ ಭಾಗಗಳಿವೆ, 'ದಿ ಜನರಲ್'ನ ನಾಯಕ ಗುಲಾಮಗಿರಿ ಉಳಿಸಲು ಹೋರಾಡಿದ ಪಕ್ಷದವನು. ಆ ಕಾಲದ ರೂಢಿ ಎಂದು ದಾಟಿಹೋಗದೆ, ನೋಡುವ ಮೊದಲೇ ಅವರಿಗೆ ತಿಳಿಸಿ.

ಇವೆಲ್ಲ ಮುಗಿದ ಮೇಲೆ ಕೆನಡಾದ ನ್ಯಾಷನಲ್ ಫಿಲ್ಮ್ ಬೋರ್ಡ್ 1965ರಲ್ಲಿ ಮಾಡಿದ 'ದಿ ರೈಲ್‌ರಾಡರ್' ಮತ್ತು ಅದರ ಶೂಟಿಂಗ್ ಬಗೆಗಿನ 'ಬಸ್ಟರ್ ಕೀಟನ್ ರೈಡ್ಸ್ ಅಗೇನ್' ಸಾಕ್ಷ್ಯಚಿತ್ರ ನೋಡಿ, ಎರಡೂ ಅವರ ತಾಣದಲ್ಲಿ ಉಚಿತ. ಹಳಿಯ ಮೇಲಿನ ಪುಟ್ಟ ಮೋಟಾರು ಬಂಡಿಯಲ್ಲಿ ಎತ್ತರದ ಸೇತುವೆ ದಾಟುವಾಗ ದೊಡ್ಡ ನಕಾಶೆಯೊಂದು ಮೈಗೆಲ್ಲ ಸುತ್ತಿಕೊಳ್ಳಬೇಕು ಅನ್ನುವುದು ಕೀಟನ್‌ನ ಹಟ, ಅಪಾಯ ಬೇಡ ಅನ್ನುವುದು ಯುವ ನಿರ್ದೇಶಕ ಜೆರಾಲ್ಡ್ ಪಾಟರ್ಟನ್‌ನ ವಾದ. ಕೊನೆಗೆ ಯಾರ ಮಾತು ನಡೆಯಿತು ಅನ್ನುವುದು 'ದಿ ರೈಲ್‌ರಾಡರ್'ನಲ್ಲಿದೆ.